ಡ್ಯಾಶ್‌ಬೋರ್ಡಿಗೆ ಪಾಲಿಶ್ ಹೊಡೆಸಿದ ಮೇಲೆ ಮುಂದಿನ ಗಾಜಿನ ತುಂಬಾ ಬಿಂಬ: ತೆಗೆಯುವುದು ಹೇಗೆ?

ಠಾಣೆ_ಹುಬ್ಬಳ್ಳಿ · ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನ್ನದು ಏಳು ವರ್ಷದ ಹ್ಯಾಚ್‌ಬ್ಯಾಕ್. ಡ್ಯಾಶ್‌ಬೋರ್ಡ್ ಮೇಲ್ಭಾಗ ಕಪ್ಪು, ಕೆಳಭಾಗ ಬೀಜ್ ಬಣ್ಣ. ಠಾಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನನಗೆ ಸಿಕ್ಕಿರುವುದು ಓಪನ್ ಪಾರ್ಕಿಂಗ್. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಬಿಸಿಲು ನೇರವಾಗಿ ಮುಂದಿನ ಗಾಜಿನ ಮೇಲೇ ಇರುತ್ತದೆ.

ಗಣಪತಿ ಹಬ್ಬಕ್ಕೆ ಬಂದಿದ್ದ ಅಮ್ಮನನ್ನು ಹೋದ ವಾರ ಊರಿಗೆ, ಹುಬ್ಬಳ್ಳಿಗೆ, ಬಿಟ್ಟುಬರಬೇಕಿತ್ತು. ಮಳೆಗಾಲವಿಡೀ ಒದ್ದೆ ಕೊಡೆ, ಕೆಸರು ಚಪ್ಪಲಿ ಎಂದು ಗಾಡಿಯ ಒಳಗೆ ಮುಗ್ಗು ವಾಸನೆ ಹಿಡಿದಿತ್ತು. ಹೊರಡುವ ಹಿಂದಿನ ದಿನ ಮನೆ ಹತ್ತಿರದ ಒಂದು ವಾಷಿಂಗ್ ಸೆಂಟರಿಗೆ ಕೊಟ್ಟೆ. ಸಂಜೆ ತರಲು ಹೋದಾಗ ಡ್ಯಾಶ್‌ಬೋರ್ಡು, ಬಾಗಿಲು, ಸ್ಟೀರಿಂಗು, ಸೀಟು ಎಲ್ಲಕ್ಕೂ ಎಣ್ಣೆಸ್ನಾನ ಮಾಡಿಸಿದ ಹಾಗೆ ಮಿಂಚು. ಹೊಸ ಗಾಡಿ ಥರ ಕಂಡಿತು, ಖುಷಿಯಿಂದಲೇ ದುಡ್ಡು ಕೊಟ್ಟು ಬಂದೆ.

ಬೆಳಿಗ್ಗೆ ಐದಕ್ಕೆ ಹೊರಟೆವು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾಮಶೇತ್ ಸುರಂಗದಿಂದ ಆಚೆ ಬಂದದ್ದೇ ತಡ, ಎದುರಿಗೆ ಸೂರ್ಯ. ಗಾಜಿನ ತುಂಬಾ ಡ್ಯಾಶ್‌ಬೋರ್ಡಿನ ಬಿಂಬ. ಎಸಿ ಜಾಲರಿಯ ಗೆರೆ, ಅಮ್ಮ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಮೂರ್ತಿಯ ಮುಂದೆ ಇಟ್ಟಿದ್ದ ದಾಸವಾಳ ಎಲ್ಲ ಗಾಜಿನ ಮೇಲೇ ಕಾಣುತ್ತಿವೆ, ಮುಂದೆ ಹೋಗುತ್ತಿದ್ದ ಟ್ರಕ್ ಮಾತ್ರ ಕಾಣಲಿಲ್ಲ. ಎರಡು ಸೆಕೆಂಡ್ ಇರಬಹುದು. 80ರ ಸ್ಪೀಡಿನಲ್ಲಿ ಎರಡು ಸೆಕೆಂಡ್ ಅಂದರೆ 44 ಮೀಟರ್, ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಓಡಿಸಿದಂತಾಯಿತು, ಪಕ್ಕದಲ್ಲಿ ಅಮ್ಮ. ಸ್ಟೀರಿಂಗ್ ಕೂಡ ಕೈಯಲ್ಲಿ ಜಾರುತ್ತಿತ್ತು.

ಇದನ್ನು ಪೂರ್ತಿ ತೆಗೆಯುವುದು ಹೇಗೆ? ಮತ್ತೆ, ಅಕ್ಟೋಬರ್ ಬಿಸಿಲು ಶುರುವಾಗಿದೆ, ಏನೂ ಹಚ್ಚದೆ ಬಿಟ್ಟರೆ ಪ್ಲಾಸ್ಟಿಕ್ ಬಿರಿಯುವುದಿಲ್ಲವೇ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಕುಂದಾಪ್ರ_ಟೂರಿಸ್ಟ್ · 9:32

ಅಣ್ಣ, ಡ್ಯಾಶ್‌ಬೋರ್ಡ್ ಆಮೇಲೆ ನೋಡುವ. ಈಗಲೇ ಟಾರ್ಚ್ ಹಿಡ್ಕೊಂಡು ಕೆಳಗೆ ಹೋಗಿ ಬ್ರೇಕು, ಕ್ಲಚ್ಚು, ಆಕ್ಸಿಲರೇಟರ್ ಪೆಡಲಿನ ರಬ್ಬರ್ ಮುಟ್ಟಿ ನೋಡಿ. ಸ್ಟೀರಿಂಗಿಗೆ ಹಚ್ಚಿದವರು ಪೆಡಲಿಗೂ ಹಚ್ಚಿರ್ತಾರೆ. ಕಪ್ಪಾಗಿ ಚಂದ ಕಾಣ್ತದೆ ಅಂತ ಹುಡುಗರು ಅಲ್ಲಿಗೂ ಎರಡು ಸಲ ಸ್ಪ್ರೇ ಹೊಡೀತಾರೆ. ನಾನು ಮುಂಬೈಯಲ್ಲಿ ಟೂರಿಸ್ಟ್ ಗಾಡಿ ಓಡಿಸ್ಲಿಕ್ಕೆ ಶುರು ಮಾಡಿ 22 ವರ್ಷ ಆಯ್ತು. ಒಂದು ಮಳೆಗಾಲದಲ್ಲಿ ಘೋಡಬಂದರ್ ರೋಡಿನಲ್ಲಿ ಬ್ರೇಕ್ ಒತ್ತುವಾಗ ಒದ್ದೆ ಚಪ್ಪಲಿ ಪೆಡಲ್ ಮೇಲಿಂದ ಜಾರಿ ಪಕ್ಕಕ್ಕೆ ಹೋಗಿತ್ತು. ಅದಕ್ಕೆ ಹಿಂದಿನ ದಿನ ಒಳಗೆ ಪಾಲಿಶ್ ಮಾಡಿಸಿದ್ದೆ. ಮುಂದಿನ ಗಾಡಿಗೂ ನನಗೂ ಒಂದು ಗೇಣು ಉಳಿದಿತ್ತು. ಅವತ್ತಿಂದ ನನ್ನ ಗಾಡಿ ಒಳಗೆ ಬೇರೆಯವರ ಕೈಗೆ ಸ್ಪ್ರೇ ಕೊಟ್ಟದ್ದಿಲ್ಲ.

ಬಕೆಟಿನಲ್ಲಿ ಉಗುರುಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಹಳೇ ಟೂತ್‌ಬ್ರಷ್. ಪೆಡಲಿನ ಗೆರೆಗೆರೆ ಒಳಗೆ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ. ಬೆರಳು ಒತ್ತಿದರೆ ಹಿಡಿದು ನಿಲ್ಲಬೇಕು, ಜಾರಬಾರದು. ಸ್ಟೀರಿಂಗ್, ಗೇರ್ ನಾಬ್, ಹ್ಯಾಂಡ್‌ಬ್ರೇಕಿಗೂ ಹಾಗೇ. ಅದೆಲ್ಲ ಆದ ಮೇಲೆ ಡ್ಯಾಶ್‌ಬೋರ್ಡ್.

ಠಾಣೆ_ಹುಬ್ಬಳ್ಳಿ · 10:05

ಹೋಗಿ ನೋಡಿ ಬಂದೆ. ಕ್ಲಚ್ ಮತ್ತು ಬ್ರೇಕ್ ಎರಡಕ್ಕೂ ಇದೆ. ಹೆಬ್ಬೆರಳಿಟ್ಟು ಒತ್ತಿದರೆ ಸರ್ರಂತ ಪಕ್ಕಕ್ಕೆ ಹೋಗುತ್ತದೆ. ಈ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋಗಿ ವಾಪಸ್ ಬಂದಿದ್ದೇನೆ. ಇಂಥದ್ದು ಇರಬಹುದು ಅಂತ ಹೊಳೆದೇ ಇರಲಿಲ್ಲ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಈಗ ಬಕೆಟ್ ತಗೊಂಡು ಹೋಗುತ್ತಿದ್ದೇನೆ.

ರಸಾಯನಿ_ಲ್ಯಾಬ್ · ಭಾನುವಾರ ಬೆಳಿಗ್ಗೆ 7:20

ನಾನು ಬಣ್ಣ, ಲೇಪನಗಳ ಲ್ಯಾಬಿನಲ್ಲಿ ಕೆಲಸ ಮಾಡುವವ. ಆ ಬಿಂಬ ಯಾಕೆ ಬರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮೇಲೆ ಚರ್ಮದ ಸುಕ್ಕಿನಂಥ ಸಣ್ಣ ಗೆರೆಗಳಿರುತ್ತವಲ್ಲ, ಅವು ಬರೀ ಅಂದಕ್ಕಲ್ಲ. ಬಿದ್ದ ಬೆಳಕು ದಿಕ್ಕಾಪಾಲಾಗಿ ಚೆದುರಬೇಕು, ಗಾಜಿಗೆ ನೇರ ಹೊಡೆಯಬಾರದು ಎಂದೇ ಮೇಲ್ಮೈಯನ್ನು ಒರಟಾಗಿ ಬಿಟ್ಟಿರುತ್ತಾರೆ. ಪಾಲಿಶ್ ದಪ್ಪಗೆ ಬಿದ್ದರೆ ಆ ಗೆರೆಗಳ ತಗ್ಗು ತುಂಬಿಕೊಂಡು ಮೇಲ್ಮೈ ಮಟ್ಟಸವಾಗುತ್ತದೆ. ಮಟ್ಟಸವಾದ ಕಪ್ಪು ಮೇಲ್ಮೈ ಕನ್ನಡಿಯ ಕೆಲಸ ಮಾಡುತ್ತದೆ. ನಿಮ್ಮ ಗಾಜು ಬೇರೆ ಓರೆಯಾಗಿ ಅದರ ಮೇಲೇ ಬಾಗಿದೆ.

ಇಂಥ ಪಾಲಿಶ್‌ನಲ್ಲಿ ಮಿಂಚು ಕೊಡುವುದು ಹೆಚ್ಚಾಗಿ ಸಿಲಿಕೋನ್ ಎಣ್ಣೆ, ಪಾಲಿಡೈಮಿಥೈಲ್‌ಸಿಲಾಕ್ಸೇನ್ ಎನ್ನುವ ವಸ್ತು. ಅದು ನೀರಿನಂತೆ ಆರಿಹೋಗುವುದಿಲ್ಲ, ಇದ್ದಲ್ಲೇ ಇದ್ದು ತೆಳ್ಳಗೆ ಹರಡುತ್ತ ಹೋಗುತ್ತದೆ. ಗಾಡಿಗೆ ಪೇಂಟ್ ಹೊಡೆಯುವ ಬೂತಿನ ಹತ್ತಿರ ಸಿಲಿಕೋನ್ ಡಬ್ಬಿ ತರಲು ಬಿಡುವುದಿಲ್ಲ. ಒಂದು ಹನಿ ತಗುಲಿದರೂ ಹೊಸ ಬಣ್ಣ ಅಲ್ಲಿ ಕೂರದೆ ಗುಂಡಗೆ ಸರಿದು ಮೀನುಗಣ್ಣಿನಂಥ ಗುಳಿ ಬೀಳುತ್ತದೆ. ಅಷ್ಟು ಹಟದ ವಸ್ತು. ಹಾಗಾಗಿ ಒಂದೇ ಸಲ ಒರೆಸಿದರೆ ಹೋಗುವುದಿಲ್ಲ, ಮೂರು ನಾಲ್ಕು ಸಲ ಬೇಕು.

ಪಾಲಿಶ್‌ನಲ್ಲಿ ಎರಡು ಜಾತಿ. ನೀರಿನಲ್ಲಿ ಕಲಸಿದ್ದು ಸಾಮಾನ್ಯವಾಗಿ ಹಾಲಿನಂತೆ ಬೆಳ್ಳಗಿರುತ್ತದೆ. ಥಿನ್ನರ್ ಜಾತಿಯ ದ್ರಾವಕದಲ್ಲಿ ಕರಗಿಸಿದ್ದು ಎಣ್ಣೆಯಂತೆ ತಿಳಿಯಾಗಿ, ಮೂಗಿಗೆ ಹೊಡೆಯುವ ವಾಸನೆ ಇರುತ್ತದೆ. ಎರಡನೆಯದು ಟೈರಿಗೆ, ಹೊರಗಿನ ಬಂಪರಿಗೆ ಸರಿ. ಮುಚ್ಚಿದ ಗಾಡಿಯೊಳಗೆ ಆ ಹಬೆ ಉಸಿರಾಡುವುದು ಬೇಡ.

ಠಾಣೆ_ಹುಬ್ಬಳ್ಳಿ · 8:02

ಸರ್, ಹಾಗಾದರೆ ಬಿಸಿಲಿಗೆ ರಕ್ಷಣೆ ಎಂದು ಡಬ್ಬಿಯ ಮೇಲೆ ಬರೆದಿರುವುದು? ಸುಮ್ಮನೆ ಬರೆದದ್ದೇ?

ರಸಾಯನಿ_ಲ್ಯಾಬ್ · 8:40

ಸುಮ್ಮನೆ ಎಂದು ಹೇಳಲಾರೆ. ಒಳ್ಳೆಯವುಗಳಲ್ಲಿ ಅತಿನೇರಳೆ ಕಿರಣ ಹೀರುವ ವಸ್ತು ಇರುತ್ತದೆ. ಆದರೆ ಎಲ್ಲಿ ಬೇಕು ಎನ್ನುವುದನ್ನು ಜನ ತಪ್ಪು ತಿಳಿದಿದ್ದಾರೆ. ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಕೂರಿಸಿದ ಲ್ಯಾಮಿನೇಟೆಡ್ ಗಾಜು, ಆ ಹಾಳೆಯೇ ಅತಿನೇರಳೆಯನ್ನು ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತದೆ. ಬಾಗಿಲಿನ ಗಾಜು ಸಾಮಾನ್ಯವಾಗಿ ಒಂದೇ ಪದರದ ಟಫನ್ಡ್ ಗಾಜು, ಅದರ ಮೂಲಕ ಅತಿನೇರಳೆಯಲ್ಲಿ ‘ಎ’ ಎನ್ನುವ ಜಾತಿಯ ಕಿರಣ ಸಾಕಷ್ಟು ಒಳಗೆ ಬರುತ್ತದೆ. ಅಂದರೆ ರಕ್ಷಣೆ ಹೆಚ್ಚು ಬೇಕಾದದ್ದು ಬಾಗಿಲಿನ ಮೇಲಂಚಿಗೆ, ಕೈ ಇಟ್ಟುಕೊಳ್ಳುವ ಜಾಗಕ್ಕೆ. ಇನ್ನು ಕಪ್ಪು ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲ್ಯಾಕ್ ತಾನೇ ಒಂದು ರಕ್ಷೆ.

ಡ್ಯಾಶ್‌ಬೋರ್ಡಿನ ದೊಡ್ಡ ಶತ್ರು ಶಾಖ. ಅಮೆರಿಕದ ಅರಿಜೋನಾದಲ್ಲಿ ನಿಲ್ಲಿಸಿದ ಕಾರುಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನೆರಳಲ್ಲಿ ನಿಂತದ್ದು ಸುಮಾರು 48. ಮೆತ್ತನೆ ಪಿವಿಸಿ ಹೊದಿಕೆಯಿದ್ದರೆ ಆ ಶಾಖಕ್ಕೆ ಅದರೊಳಗಿನ ಮೆದುಕಾರಕ ವರ್ಷಾನುಗಟ್ಟಲೆ ನಿಧಾನವಾಗಿ ಹೊರಗೆ ಹೋಗುತ್ತದೆ. ಗಾಜಿನ ಒಳಮೈಗೆ ಎಣ್ಣೆಯಂಥ ಮಸುಕು ಕೂರುವುದು ಅದರಿಂದಲೂ ಹೌದು. ಮೆದುಕಾರಕ ಹೋದಷ್ಟೂ ಹೊದಿಕೆ ಗಡುಸಾಗುತ್ತ ಬಂದು ಕಡೆಗೆ ಬಿರಿಯುತ್ತದೆ. ಇದನ್ನು ಯಾವ ಪಾಲಿಶ್ ಕೂಡ ನಿಲ್ಲಿಸುವುದಿಲ್ಲ. ಮಡಚುವ ಬೆಳ್ಳಿಬಣ್ಣದ ಸನ್‌ಶೇಡ್ ಒಂದು ತಗೊಂಡು ನಿಲ್ಲಿಸಿದಾಗೆಲ್ಲ ಮುಂದಿನ ಗಾಜಿಗೆ ಒಳಗಿನಿಂದ ಇಡಿ. ಓಪನ್ ಪಾರ್ಕಿಂಗಿಗೆ ನನಗೆ ಗೊತ್ತಿರುವ ಅತ್ಯುತ್ತಮ ಡ್ರೆಸ್ಸಿಂಗ್ (ಪ್ಲಾಸ್ಟಿಕ್ಕಿಗೆ ಹಚ್ಚುವ ಪಾಲಿಶ್) ಅದೇ.

ನಾನಾಪೇಠ್_ಗ್ಯಾರೇಜ್ · 11:15

ನಮಸ್ಕಾರ್ರೀ. ನಾ ವಿಜಯಪುರ ಕಡೆಯಾಂವ, ಪುಣೆದಾಗ ಹದಿನಾರು ವರ್ಷ ಆತು ಗಾಡಿ ಒಳಗಿನ ಕೆಲಸಾ ಮಾಡಕೋತ ಬಂದೇನಿ. ಲ್ಯಾಬಿನ ಸಾಹೇಬ್ರು ಹೇಳಿದ್ದು ಖರೇ ಐತಿ. ಈಗ ಕೈಯಾಗ ಮಾಡೋದು ಹೆಂಗ ಅಂತ ನಾ ಹೇಳ್ತೀನಿ.

ಮದಲ ಗಾಡಿ ನೆರಳಿಗೆ ತೊಗೊಂಡು ಬರ್ರಿ, ನಾಕೂ ಬಾಗಿಲಾ ತೆಗದು ಡ್ಯಾಶ್‌ಬೋರ್ಡ್ ತಣ್ಣಗ ಆಗೂ ಮಟಾ ಬಿಡ್ರಿ. ಬಿಸಿ ಮೈಮ್ಯಾಲ ಏನ ಹಾಕಿದ್ರೂ ಅಲ್ಲೇ ಒಣಗಿ ಕಲಿ ಬೀಳ್ತದ. ಆಮ್ಯಾಲ ಧೂಳಾ. ಇಲ್ಲೇ ಜನಾ ತಪ್ಪು ಮಾಡ್ತಾರ್ರೀ. ಧೂಳಾ ಇದ್ದಾಗನ ಒದ್ದಿ ಅರಿವಿ ಹಚ್ಚಿ ತಿಕ್ಕಿದ್ರ ಅದು ಮರಳಕಾಗದ ಆಗ್ತದ. ಪೇಂಟ್ ಹೊಡಿಯೂ ಮೆತ್ತನ ಬ್ರಷ್ ತೊಗೊಂಡು ಎಸಿ ಜಾಲರಿ, ಬಟನ್ ಸಂದಿ, ಸ್ಪೀಕರ್ ಜಾಳಿಗಿ ಎಲ್ಲಾ ಝಾಡಿಸಿ, ಬಾಜೂಕ ವ್ಯಾಕ್ಯೂಮ್ ಹಿಡೀರಿ.

ಹಳೇ ಪಾಲಿಶ್ ತೆಗೀಲಿಕ್ಕೆ ಅರ್ಧಾ ಲೀಟರ್ ನೀರಿಗೆ ಬೇಬಿ ಶಾಂಪೂ ಒಂದ ಚಮಚಾ ಸಾಕು. ನೀರು ಅರಿವಿಗೆ ಹಾಕ್ರಿ, ಡ್ಯಾಶ್‌ಬೋರ್ಡಿಗೆ ಅಲ್ಲ. ಮೈಕ್ರೋಫೈಬರ್ ಅರಿವಿ ಎಂಟು ಮಡಿಕಿ ಮಾಡ್ರಿ, ಒಂದೊಂದ ಮಡಿಕಿಲೆ ಒಂದೊಂದ ಮೊಳ ಜಾಗಾ ಒರಸ್ರಿ. ಎಂಟೂ ಮಡಿಕಿ ಹೊಲಸ ಆದ್ವು ಅಂದ್ರ ಬ್ಯಾರೆ ಅರಿವಿ. ಅದೇ ಅರಿವಿ ತಿರುಗಿಸಿ ತಿರುಗಿಸಿ ತಿಕ್ಕಿದ್ರ ಸಿಲಿಕೋನ್ ಇಲ್ಲಿಂದ ತೆಗದು ಅಲ್ಲಿ ಹಚ್ಚಿದಂಗ. ಬರೇ ನೀರಿನ ಅರಿವಿಲೆ ಎರಡ ಸಲ ಒರಸಿ, ಕಡೀಕ ಒಣಾ ಅರಿವಿ. ಬೆರಳ ಎಳದ್ರ ಕಿರ್ರ್ ಅನಬೇಕು.

ಹಂಗೂ ಹೋಗದ ಮೂಲ್ಯಾಗ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದ ಪಾಲು, ನೀರು ಒಂದ ಪಾಲು. ಕಾಣದ ಜಾಗಾದಾಗ ಮದಲ ಹಚ್ಚಿ ನೋಡ್ರಿ, ಬಣ್ಣಾ ಅರಿವಿಗೆ ಬಂತಂದ್ರ ಬಿಟ್ಟಬಿಡ್ರಿ. ಸ್ಪೀಡೋಮೀಟರ್ ಮ್ಯಾಲಿನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಮಾತ್ರ ಆಲ್ಕೋಹಾಲ್ ಬ್ಯಾಡ, ಅಮೋನಿಯಾ ಇರೂ ಗ್ಲಾಸ್ ಕ್ಲೀನರೂ ಬ್ಯಾಡ, ಕೂದಲೆಳಿಯಂಥ ಬಿರುಕ ಬರ್ತಾವು. ಟಚ್‌ಸ್ಕ್ರೀನಿಗೂ ಬರೇ ಒಣಾ ಮೆತ್ತನ ಅರಿವಿ.

ಇನ್ನ ಹಚ್ಚೂ ವಿಷಯಾ. ನೀರಿನ ಜಾತೀದ ತೊಗೋರಿ, ಡಬ್ಬಿ ಮ್ಯಾಲ ಮ್ಯಾಟ್ ಫಿನಿಶ್ (ಮಿಂಚು ಇಲ್ಲದ್ದು) ಅಂತ ಬರದಿರಬೇಕು. ಸ್ಪ್ರೇ ನೇರ ಡ್ಯಾಶ್‌ಬೋರ್ಡಿಗೆ ಹೊಡೀಬ್ಯಾಡ್ರಿ. ಗಾಜಿಗೆ ಸಿಡೀತದ, ಎಸಿ ಜಾಲರ್ಯಾಗ ಹೋಗಿ ತಿಂಗಳಗಟ್ಟಲೆ ವಾಸನಿ ಹೊಡೀತದ, ಬಟನ್ ಒಳಗ ಇಳೀತದ. ಸ್ಪಂಜಿಗೆ ಹಾಕ್ರಿ. ಇಡೀ ಡ್ಯಾಶ್‌ಬೋರ್ಡ್, ನಾಕ ಬಾಗಿಲಾ ಕೂಡಿ ನನಗ ಮೂರ ಚಹಾದ ಚಮಚಾ ಮ್ಯಾಲ ಎಂದೂ ಬೇಕಾಗಿಲ್ಲ. ತೆಳ್ಳಗ ಎಳದು ಐದ ನಿಮಿಷ ಬಿಟ್ಟು, ಒಣಾ ಅರಿವಿಲೆ ಜೋರಾಗಿ ಒರಸಿಬಿಡ್ರಿ. ಹಚ್ಚಿದ್ದಕ್ಕಿಂತ ಒರಸೂ ಕೆಲಸಾ ಹೆಚ್ಚು. ಬಿಳಿ ಕಾಗದಾ ಒಂದ ಒತ್ತಿ ನೋಡ್ರಿ. ಕಾಗದಕ್ಕ ಎಣ್ಣಿ ಮಚ್ಚಿ ಬಿದ್ರ ಇನ್ನೂ ಒರಸಬೇಕಂತ ಅರ್ಥ. ಮಚ್ಚಿ ಬೀಳಲಿಲ್ಲಂದ್ರ ಆತು ಕೆಲಸಾ.

ಭಾಂಡುಪ್_ಸೆಕೆಂಡ್ಸ್ · 12:50

ಎಲ್ಲರೂ ಮಿಂಚನ್ನು ಬೈಯುತ್ತಿದ್ದೀರಿ. ನಾನು ಹಳೇ ಗಾಡಿ ಮಾರುವ ವ್ಯವಹಾರದಲ್ಲಿರುವವ, ನನ್ನ ಅನುಭವವನ್ನೂ ಕೇಳಿ. ಗಿರಾಕಿ ಬಾಗಿಲು ತೆರೆದ ಕೂಡಲೇ ಡ್ಯಾಶ್‌ಬೋರ್ಡ್ ಮಿಂಚುತ್ತಿದ್ದರೆ ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂಬ ಭಾವನೆ ಬರುತ್ತದೆ. ಬೂದು ತಿರುಗಿದ ಪ್ಲಾಸ್ಟಿಕ್ ಕಂಡರೆ ಇಂಜಿನ್ ನೋಡುವ ಮೊದಲೇ ಹತ್ತು ಸಾವಿರ ಕಡಿಮೆ ಕೇಳುತ್ತಾರೆ. ಗಾಡಿ ಒಪ್ಪ ಮಾಡಿ ತೋರಿಸುವುದರಲ್ಲಿ ತಪ್ಪೇನಿದೆ?

ನಾನಾಪೇಠ್_ಗ್ಯಾರೇಜ್ · 1:25

ಅಣ್ಣಾರ, ಒಪ್ಪ ಮಾಡೂದು ತಪ್ಪಲ್ಲ. ಆದ್ರ ಆ ಗಿರಾಕಿ ಅವತ್ತ ಸಂಜಿಕೇನ ಹೆಂಡ್ತಿ ಮಕ್ಕಳನ್ನ ಕೂಡಿಸಿಕೊಂಡು ಅದೇ ಗಾಡಿ ಓಡಸ್ತಾನ್ರೀ. ಮಿಂಚು ಬೇಕಂದ್ರ ಬಾಗಿಲಿನ ಕೆಳಗಿನ ಭಾಗಕ್ಕ, ಗ್ಲೋವ್ ಬಾಕ್ಸಿಗೆ, ಸೆಂಟರ್ ಕನ್ಸೋಲ್ ಬಾಜೂಕ ಕೊಡ್ರಿ, ಕಣ್ಣಿಗೂ ಚಲೋ ಕಾಣ್ತದ, ಗಾಜಿಗೂ ಹೊಡಿಯಂಗಿಲ್ಲ. ಡ್ಯಾಶ್‌ಬೋರ್ಡಿನ ಮ್ಯಾಲಿನ ಮೈ ಮ್ಯಾಟ್ ಇರಲಿ. ಬೂದು ತಿರುಗಿದ್ದು ಬಹಳ ಸಲ ಪ್ಲಾಸ್ಟಿಕ್ ಸತ್ತಿದ್ದಲ್ಲ, ಗೆರಿ ಒಳಗ ಕೂತ ಹಳೇ ಧೂಳಾ. ತೊಳದ್ರ ಅರ್ಧಾ ಕಪ್ಪು ತಾನ ಬರ್ತದ.

ಭಾಂಡುಪ್_ಸೆಕೆಂಡ್ಸ್ · 1:40

ಮೇಲ್ಭಾಗ ಮ್ಯಾಟ್, ಕೆಳಗೆ ಹೊಳಪು ಎನ್ನುವುದು ಒಪ್ಪಿಗೆ. ಈ ವಾರ ಬಂದಿರುವ ಎರಡು ಗಾಡಿಗೆ ಹಾಗೇ ಮಾಡಿಸುತ್ತೇನೆ. ಪೆಡಲಿಗೆ ಹಚ್ಚಬಾರದು ಎಂದು ನಮ್ಮ ಹುಡುಗರಿಗೆ ಇವತ್ತೇ ಹೇಳಿದೆ.

ಮಾಟುಂಗ_ಹಳಬ · ಸಂಜೆ 5:30

ನಮ್ಮ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ. ಅಪ್ಪನದು ಕಾಲಿಪೀಲಿ ಪದ್ಮಿನಿ, ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ. ಪ್ರತಿ ದಸರೆಗೆ ಒಳಗಿನ ರೆಕ್ಸಿನ್‌ಗೆಲ್ಲ ತೆಂಗಿನೆಣ್ಣೆ ಒರೆಸುವ ಕೆಲಸ ನನಗೆ. ಊರಿಂದ ಬಂದ ಎಣ್ಣೆ, ಅಮ್ಮನ ಹಳೇ ನೂಲಿನ ಸೀರೆಯ ತುಂಡು. ಆ ವಾಸನೆ ಈಗಲೂ ಮೂಗಲ್ಲಿದೆ. 2023ರ ಅಕ್ಟೋಬರ್ 30ಕ್ಕೆ ಪದ್ಮಿನಿ ಟ್ಯಾಕ್ಸಿಗಳ ಓಡಾಟ ನಿಂತಾಗ ಆ ಸೀರೆಯ ತುಂಡೇ ನೆನಪಾಯಿತು. ತೆಂಗಿನೆಣ್ಣೆಯಲ್ಲಿ ರಾಸಾಯನಿಕ ಏನೂ ಇಲ್ಲವಲ್ಲ, ಈಗಿನ ಗಾಡಿಗೆ ಯಾಕೆ ಆಗಬಾರದು?

ರಸಾಯನಿ_ಲ್ಯಾಬ್ · 6:15

ಹಿರಿಯರೇ, ನಿಮ್ಮ ನೆನಪು ಓದಿ ನನ್ನ ಅಜ್ಜನ ಜೀಪು ನೆನಪಾಯಿತು. ಆದರೆ ಎಣ್ಣೆ ಬೇಡ. ತೆಂಗಿನೆಣ್ಣೆ ಆರುವ ಎಣ್ಣೆಯಲ್ಲ, ಹಚ್ಚಿದ ಜಾಗದಲ್ಲಿ ಜಿಡ್ಡಾಗಿಯೇ ಉಳಿದು ಧೂಳನ್ನು ಹಿಡಿದಿಡುತ್ತದೆ. ಮುಚ್ಚಿದ ಗಾಡಿಯ ಶಾಖಕ್ಕೆ ಬರಬರುತ್ತ ಕಮಟು ಬರುತ್ತದೆ. ಮುಂಬೈ ಮಳೆಗಾಲದ ತೇವದಲ್ಲಿ ಬೂಷ್ಟಿಗೆ ಅದು ಒಳ್ಳೆಯ ಊಟ. ಇನ್ನೊಂದು, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಡ್ಯಾಶ್‌ಬೋರ್ಡಿನ ಗೆರೆಗಳಲ್ಲೆಲ್ಲ ಬೆಳ್ಳಗೆ ಕೂತಿರುತ್ತದೆ.

ಕೊತ್ರೂಡ್_ಅಕ್ಕ · ರಾತ್ರಿ 9:45

ನನ್ನ ಕಥೆ ಬೀಜ್ ಬಣ್ಣದ್ದು. ಹೋದ ವರ್ಷ ಆಯುಧಪೂಜೆಗೆ ಸ್ಟೀರಿಂಗಿಗೆ, ಡ್ಯಾಶ್‌ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದ್ದೆವು. ಮಾರನೇ ದಿನ ಯಜಮಾನರು ಅದರ ಮೇಲೇ ಪಾಲಿಶ್ ಒರೆಸಿದರು. ಕುಂಕುಮ ಎಣ್ಣೆಯಲ್ಲಿ ಕರಗಿ ಅಂಗೈಯಗಲ ಗುಲಾಬಿ ಕಲೆಯಾಗಿ ಗೆರೆಗಳೊಳಗೆ ಇಳಿದುಹೋಯಿತು, ಇವತ್ತಿಗೂ ಪೂರ್ತಿ ಹೋಗಿಲ್ಲ. ಅರಿಶಿನದ್ದು ಮಾತ್ರ ತಾನೇ ಮಾಸಿತು, ಬಿಸಿಲು ಬಿದ್ದರೆ ಅರಿಶಿನದ ಬಣ್ಣ ಹೋಗುತ್ತದೆ. ನಮ್ಮ ಕುಂಕುಮದ ಕಲೆ ಹಾಗೆ ಹೋಗಲಿಲ್ಲ. ಈ ಸಲ ಒಂದು ವೀಳ್ಯದೆಲೆ ಇಟ್ಟು ಅದರ ಮೇಲೆ ಹಚ್ಚುತ್ತೇವೆ. ಆಯುಧಪೂಜೆಗೆ ಇನ್ನು ಎರಡೇ ವಾರ, ಬೀಜ್ ಇರುವವರು ದಯವಿಟ್ಟು ಗಮನಿಸಿ. ಪೂಜೆ ಆದ ಸಂಜೆಯೇ ಒಣ ಬ್ರಷ್‌ನಿಂದ ಪುಡಿ ಝಾಡಿಸಬೇಕು. ಒದ್ದೆ ಬಟ್ಟೆ, ಪಾಲಿಶ್ ಎರಡೂ ಆಮೇಲಿನ ಮಾತು.

ಸೀಟಿನದೂ ಕೇಳಬೇಕಿತ್ತು. ನಮ್ಮದು ಕಂಪನಿಯಿಂದಲೇ ಬಂದ ಲೆದರೆಟ್. ಲೆದರ್ ಕಂಡೀಷನರ್ ಹಚ್ಚಲು ಅಂಗಡಿಯವರು ಒತ್ತಾಯ ಮಾಡುತ್ತಿದ್ದಾರೆ. ಮಕ್ಕಳು ಕುಳಿತಾಗ ಜಾರುತ್ತಾರೆ ಎಂದು ಭಯ.

ರಸಾಯನಿ_ಲ್ಯಾಬ್ · 10:20

ಅಕ್ಕಾ, ಲೆದರೆಟ್ ಅಂದರೆ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಾಲಿಯುರಿಥೇನ್ ಪದರ. ಚರ್ಮ ಅಲ್ಲ, ಹಾಗಾಗಿ ಎಣ್ಣೆ ಕುಡಿಸುವ ಅಗತ್ಯವಿಲ್ಲ. ಸೋಪಿನ ನೀರಲ್ಲಿ ಒರೆಸಿ ಒಣಗಿಸಿದರೆ ಮುಗಿಯಿತು. ಕೂರುವ ಜಾಗಕ್ಕೆ ಜಾರುವ ಏನನ್ನೂ ಹಚ್ಚಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಮಗು ಬೆಲ್ಟಿನ ಕೆಳಗೆ ಜಾರಿಹೋಗಬಾರದು. ಸೀಟ್‌ಬೆಲ್ಟಿನ ಪಟ್ಟಿಗೂ ಏನೂ ತಾಗಿಸಬೇಡಿ.

ವಾಸ್ಕೋ_ಬಂದರು · ಸೋಮವಾರ ಬೆಳಿಗ್ಗೆ 6:50

ಗೋವಾದಿಂದ ಬರಿತಾ ಇದೀನಿ. ಊರು ಗದಗ, ಇರೋದು ವಾಸ್ಕೋದಲ್ಲಿ. ನಮ್ಮ ಧೂಳು ನಿಮ್ಮ ಧೂಳಿನ ಹಾಗಲ್ಲ. ಬಂದರಿನ ಕಲ್ಲಿದ್ದಲ ಪುಡಿ ಕಿಟಕಿ ಒಂದು ಬೆರಳು ತೆಗೆದಿಟ್ಟರೂ ಒಳಗೆ ಬಂದು ಕೂರುತ್ತೆ. ಅದರ ಮೇಲೆ ಸಮುದ್ರದ ಉಪ್ಪಿನ ತೇವ. ಬಿಳಿ ಕರವಸ್ತ್ರದಿಂದ ಡ್ಯಾಶ್‌ಬೋರ್ಡ್ ಒರೆಸಿದರೆ ಬೆರಳಿನ ಗುರುತು ಕಾಡಿಗೆ ಥರ ಕಪ್ಪಾಗಿ ಮೂಡುತ್ತೆ. ಎರಡು ವರ್ಷ ಹೊಳೆಯುವ ಪಾಲಿಶ್ ಹಚ್ಚಿದೆ. ಮೂರನೇ ದಿನಕ್ಕೆ ಅಂಟಿನ ಮೇಲೆ ಪುಡಿ ಕೂತು ಮರಳಿನ ಪದರ ಆಗ್ತಿತ್ತು, ಒರೆಸಿದರೆ ಗೀರು. ಈಗ ಏನೂ ಹಚ್ಚಲ್ಲ. ವಾರಕ್ಕೆರಡು ಸಲ ಬ್ರಷ್ ಹಿಡಿದು ವ್ಯಾಕ್ಯೂಮ್, ತಿಂಗಳಿಗೊಮ್ಮೆ ಸೋಪಿನ ನೀರು. ಡ್ಯಾಶ್‌ಬೋರ್ಡ್ ಈಗಲೇ ಚೆನ್ನಾಗಿದೆ.

ಇನ್ನೊಂದು ಇಲ್ಲಿಯವರಿಗೆ ಗೊತ್ತಿರಲಿ. ಊರಿಂದ ನೆಂಟರು ಬಂದಾಗ ಬೀಚಿಗೆ ಕರ್ಕೊಂಡು ಹೋಗ್ತೀವಲ್ಲ, ಸನ್‌ಸ್ಕ್ರೀನ್ ಹಚ್ಚಿದ ಕೈ ಬಾಗಿಲಿಗೆ ತಾಗಿದರೆ ಬೆಳ್ಳಗೆ ಐದೂ ಬೆರಳಿನ ಗುರುತು ಬೀಳುತ್ತೆ. ಅವತ್ತೇ ಒರೆಸಬೇಕು. ಸೊಳ್ಳೆ ಓಡಿಸುವ ಕ್ರೀಮಿನಲ್ಲಿ ಡೀಟ್ ಅನ್ನೋ ರಾಸಾಯನಿಕ ಇದ್ದರೆ ಅದು ಕೆಲವು ಜಾತಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ, ಪಾಲಿಶ್ ಹಚ್ಚಿ ಮುಚ್ಚೋಕೆ ಆಗಲ್ಲ.

ಕೊತ್ರೂಡ್_ಅಕ್ಕ · 7:30

ನಮ್ಮ ಗಾಡಿಯ ಹಿಂದಿನ ಬಾಗಿಲಲ್ಲಿ ಮಗಳ ಕೈ ಗುರುತು ಹೇಗೆ ಬಂತು ಅಂತ ಈಗ ಗೊತ್ತಾಯಿತು. ಮೇ ತಿಂಗಳಲ್ಲಿ ಕಲಂಗೂಟಿಗೆ ಹೋಗಿದ್ದೆವು.

ಐರೋಲಿ_ಶಿಫ್ಟ್ · 1:10

ಸನ್‌ಶೇಡ್ ಬದಲು ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿದರೆ?

ಕುಂದಾಪ್ರ_ಟೂರಿಸ್ಟ್ · 1:45

ಬೇಡ ಮಾರಾಯ್ರೆ, ದಂಡ ಕಟ್ಟಿ ಕಟ್ಟಿ ಸುಸ್ತಾಗ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದಾಗ ನನ್ನ ಗಾಡಿಯದ್ದೇ ರಸ್ತೆ ಬದಿಯಲ್ಲಿ ಕಿತ್ತು ಹಾಕಿಸಿದ್ರು. ಬೆಳಕು ಮುಂದಿನ, ಹಿಂದಿನ ಗಾಜಿನಲ್ಲಿ 70 ಪರ್ಸೆಂಟ್, ಪಕ್ಕದ್ದರಲ್ಲಿ 50 ಪರ್ಸೆಂಟ್ ದಾಟಬೇಕು ಅಂತ ನಿಯಮ ಉಂಟು. ನಿಲ್ಲಿಸಿದಾಗ ಸನ್‌ಶೇಡ್ ಇಡಿ, ಹೊರಡುವಾಗ ಮಡಚಿ ಸೀಟಿನ ಹಿಂದೆ ಹಾಕಿ.

ಮತ್ತೆ ಠಾಣೆಯ ಅಣ್ಣನಿಗೆ. ಗಣಪತಿ ಎಲ್ಲಿ ಕೂತಿದ್ದಾನೆ? ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗಿನ ಗುರುತು ಇರ್ತದೆ, ಅದರ ಮೇಲೆ ಇದ್ದರೆ ಇವತ್ತೇ ಜಾಗ ಬದಲಾಯಿಸಿ. ಏರ್‌ಬ್ಯಾಗ್ ಬಿಚ್ಚಿದರೆ ಮೂರ್ತಿ ಸೀದಾ ಕೂತವರ ಮುಖಕ್ಕೆ ಬರ್ತದೆ. ಆ ಜಾಗದ ಸಂದಿಗೆ ಪಾಲಿಶ್ ಇಳಿಸುವುದೂ ಬೇಡ. ಡಬಲ್ ಟೇಪ್ ಆದರೆ ಕಿತ್ತು ಎಳೀಬೇಡಿ. ಹೇರ್ ಡ್ರೈಯರ್ ದೂರದಿಂದ ಹಿಡಿದು ಬೆಚ್ಚಗೆ ಮಾಡಿ, ಗಟ್ಟಿ ದಾರ ಎರಡೂ ಕೈಯಲ್ಲಿ ಹಿಡಿದು ಮೂರ್ತಿಯ ಕೆಳಗೆ ಗರಗಸದ ಹಾಗೆ ಎಳೀರಿ.

ಠಾಣೆ_ಹುಬ್ಬಳ್ಳಿ · ಮುಂದಿನ ಭಾನುವಾರ ಸಂಜೆ 6:40

ಇವತ್ತು ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಹತ್ತೂವರೆಗೆ ಮುಗಿಸಿದೆ. ನಮ್ಮ ಬಿಲ್ಡಿಂಗಿನ ನೆರಳು ಪಾರ್ಕಿಂಗಿನ ಮೇಲೆ ಇರುವುದು ಅಷ್ಟು ಹೊತ್ತು ಮಾತ್ರ.

ಗಣಪತಿ ಏರ್‌ಬ್ಯಾಗಿನ ಗುರುತಿನ ಮೇಲೇ ಕೂತಿದ್ದ. ದಾರದಿಂದ ಬಿಡಿಸಲು ಹತ್ತು ನಿಮಿಷ ಹಿಡಿಯಿತು, ಡ್ಯಾಶ್‌ಬೋರ್ಡಿಗೆ ಗೀರೂ ಬೀಳಲಿಲ್ಲ. ಟೇಪಿನ ಅಂಟು ಬೆರಳಿನಿಂದ ಉಂಡೆ ಮಾಡಿ ತೆಗೆದೆ.

ಆರು ಬಟ್ಟೆ ಬೇಕಾಯಿತು. ಮೊದಲನೆಯ ಬಟ್ಟೆಗೆ ಬೂದು ಬಣ್ಣದ ಲೋಳೆ ಬಂತು, ಮುಟ್ಟಿದರೆ ಬೆಣ್ಣೆ ಥರ. ಮೂರನೆಯದಕ್ಕೂ ಬರುತ್ತಲೇ ಇತ್ತು. ನಾಲ್ಕನೆಯದರಲ್ಲಿ ಡ್ಯಾಶ್‌ಬೋರ್ಡ್ ಮೇಲಿನ ಗೆರೆಗಳು ಕಣ್ಣಿಗೆ ಕಾಣತೊಡಗಿದವು. ಆರನೆಯ ಬಟ್ಟೆ ಬೆಳ್ಳಗೇ ಉಳಿಯಿತು, ಬೆರಳೆಳೆದರೆ ಕಿರ್ರ್ ಅಂದಿತು. ಮುಂದಿನ ಗಾಜಿನ ಒಳಮೈಯಲ್ಲೂ ಸಿಡಿದದ್ದು ಚುಕ್ಕೆ ಚುಕ್ಕೆಯಾಗಿ ಕೂತಿತ್ತು. ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಇಟ್ಟುಕೊಂಡು ಮೂರು ಸಲ ಒರೆಸಿದೆ.

ಮ್ಯಾಟ್ ಡ್ರೆಸ್ಸಿಂಗ್ ತಂದಿದ್ದೆ. ಬಾಗಿಲುಗಳ ಮೇಲಂಚಿಗೆ ಸ್ಪಂಜಿನಲ್ಲಿ ತೆಳ್ಳಗೆ ಹಚ್ಚಿ ಒರೆಸಿದೆ, ಬಿಳಿ ಕಾಗದ ಒತ್ತಿ ನೋಡಿದೆ, ಮಚ್ಚೆ ಬೀಳಲಿಲ್ಲ. ಡ್ಯಾಶ್‌ಬೋರ್ಡ್ ಮೇಲ್ಭಾಗಕ್ಕೆ ಏನೂ ಹಚ್ಚದೆ ಬಿಟ್ಟಿದ್ದೇನೆ. ತೊಳೆದ ಮೇಲೆ ಅದೇ ಕಪ್ಪಾಗಿದೆ, ನಾನಾಪೇಠ್ ಅಣ್ಣ ಹೇಳಿದ್ದು ಅಕ್ಷರಶಃ ಸರಿ.

ಉಳಿದ ಡಬ್ಬಿ ಡಿಕ್ಕಿಯಲ್ಲಿ ಇಟ್ಟಿರಬಹುದೇ? ಮತ್ತೆ, ಬಾಗಿಲಿನ ರಬ್ಬರ್ ಬೀಡಿಂಗ್ ಒಣಗಿ ಕೀಚ್ ಕೀಚ್ ಅನ್ನುತ್ತಿದೆ, ಅದಕ್ಕೂ ಇದನ್ನೇ ಹಚ್ಚಲೇ?

ನಾನಾಪೇಠ್_ಗ್ಯಾರೇಜ್ · 7:15

ಭಾಳ ಚಲೋ ಮಾಡೀರಿ. ಡಬ್ಬಿ ಮನ್ಯಾಗ ಇಡ್ರಿ. ಅದೂ ಗ್ಯಾಸ್ ತುಂಬಿದ ಸ್ಪ್ರೇ ಡಬ್ಬಿ ಇದ್ರ ಗಾಡ್ಯಾಗ ಇಡಲೇಬ್ಯಾಡ್ರಿ. 50 ಡಿಗ್ರಿ ಮ್ಯಾಲ ಕಾಯಬಾರದು ಅಂತ ಅದರ ಮ್ಯಾಲೇ ಬರದಿರ್ತದ, ಬಿಸಿಲಾಗ ನಿಂತ ಗಾಡಿ ಒಳಗ ಎಷ್ಟ ಆಗ್ತದ ಅಂತ ಲ್ಯಾಬಿನ ಸಾಹೇಬ್ರು ಹೇಳ್ಯಾರಲ್ಲ. ಬೀಡಿಂಗಿಗೆ ಇದು ನಿಲ್ಲಂಗಿಲ್ಲ, ಸಿಲಿಕೋನ್ ಗ್ರೀಸ್ ಸಿಗ್ತದ, ಒಂದ ಕಾಳಿನಷ್ಟು ಬೆರಳಿಗೆ ಹಚ್ಚಿಕೊಂಡು ರಬ್ಬರಿನ ಉದ್ದಕ್ಕೂ ಎಳೀರಿ. ಪೆಟ್ರೋಲಿಯಂ ಜೆಲ್ಲಿ, ಇಂಜಿನ್ ಗ್ರೀಸ್ ಬ್ಯಾಡ, ಬೀಡಿಂಗ್ ಉಬ್ಬತಾವು. ಬೆರಳ ಸೋಪ್ ಹಚ್ಚಿ ತೊಳಕೊಂಡ ಮ್ಯಾಲೇ ಸ್ಟೀರಿಂಗ್ ಮುಟ್ರಿ.

ಠಾಣೆ_ಹುಬ್ಬಳ್ಳಿ · ಮೂರು ವಾರದ ನಂತರ, ಬೆಳಿಗ್ಗೆ 8:05

ದೀಪಾವಳಿಗೆ ಅಮ್ಮನನ್ನು ಕರೆತರಲು ಹೊರಟಿದ್ದೇನೆ. ಕಾಮಶೇತ್ ದಾಟಿ ಚಹಾಕ್ಕೆ ನಿಲ್ಲಿಸಿ ಬರೆಯುತ್ತಿದ್ದೇನೆ. ಅದೇ ಸುರಂಗ, ಅದೇ ಹೊತ್ತು, ಸೂರ್ಯ ನೇರ ಎದುರಿಗೆ. ಮುಂದೆ ಹೋಗುತ್ತಿದ್ದ ಟ್ರಕ್ಕಿನ ಹಿಂದಿನ ನಂಬರ್ ಪ್ಲೇಟನ್ನು ಕೊನೆಯ ಅಂಕಿಯವರೆಗೆ ಓದಿದೆ.